ಭುಜಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್, ಮರುದಿನ ಗಂಧೆ: ಎರಡನೇ ಸೂಜಿಗೆ ಮೊದಲು

ಶೆಟ್ರೇ, ನಿಮ್ಮ ಪ್ರಶ್ನೆ ಮತ್ತು ಅದರ ಕೆಳಗೆ ಬಂದ ಉತ್ತರಗಳನ್ನೆಲ್ಲ ಓದಿದೆ. ದೋಟಿಯಲ್ಲಿ (ಉದ್ದ ಕೋಲಿನಲ್ಲಿ) ಅಡಿಕೆ ಮರಕ್ಕೆ ಮದ್ದು ಸಿಂಪಡಿಸಿ ನಿಮ್ಮ ಬಲಭುಜ ಹಿಡಿದುಕೊಂಡಿತು, ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಅದೇ ರಾತ್ರಿ ಮುಖ ಕೆಂಪಾಗಿ ಬಿಸಿಯಾಯಿತು. ಮರುದಿನ ಹೊಟ್ಟೆ, ತೊಡೆಯ ಮೇಲೆ ಗಂಧೆ ಎದ್ದು ತುರಿಕೆ. ಎರಡನೇ ಇಂಜೆಕ್ಷನ್ ತೆಗೆದುಕೊಳ್ಳಬಹುದಾ ಅಂತ ನಿಮ್ಮ ಪ್ರಶ್ನೆ. "ಅಲರ್ಜಿಗೇ ಸ್ಟೀರಾಯ್ಡ್ ಕೊಡುವುದು, ಅದರಿಂದ ಅಲರ್ಜಿ ಹೇಗೆ ಬರುತ್ತದೆ ಮಾರಾಯ್ರೆ" ಅಂತ ಒಬ್ಬರು ಬರೆದಿದ್ದಾರೆ. ಬರುತ್ತದೆ. ಅಪರೂಪ, ಆದರೆ ಬರುತ್ತದೆ.

ನಾನು ಡಾಕ್ಟರ್ ಅಲ್ಲ. ಕಾರ್ಕಳದ ಹತ್ತಿರ ಮೆಡಿಕಲ್ ಶಾಪ್ ನಡೆಸುತ್ತಾ ಸ್ವಲ್ಪ ಅಡಿಕೆ ತೋಟ ನೋಡಿಕೊಳ್ಳುವವ. ಹಾಗಾಗಿ ಅಂಗಡಿಯ ಕಡೆಯಿಂದ ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ತುರ್ತಿನ ಮಾತು. ತುಟಿ ನಾಲಿಗೆ ಊದಿದರೆ, ಸ್ವರ ಬದಲಾದರೆ, ಉಸಿರು ಕಟ್ಟಿದರೆ, ಮೈಯೆಲ್ಲ ಗಂಧೆಯ ಜೊತೆ ವಾಂತಿ ಅಥವಾ ತಲೆಸುತ್ತು ಬಂದರೆ ಗುಂಪಿನಲ್ಲಿ ಕೇಳುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಿ. ಆಗ ಮೊದಲು ಬೇಕಾದದ್ದು ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ಸೆಟ್ರಿಜಿನ್ ಮಾತ್ರೆ ತುರಿಕೆ ಇಳಿಸಬಹುದು, ಗಂಟಲು ಕಟ್ಟುವುದನ್ನು ತಡೆಯುವುದಿಲ್ಲ. ಪುನರ್ಪುಳಿ ಶರಬತ್ತು ಕುಡಿಯಲಿಕ್ಕೆ ಯಾರೋ ಹೇಳಿದ್ದಾರಲ್ಲ, ಕುಡಿಯಿರಿ, ಈ ಸೆಕೆಗೆ ಒಳ್ಳೆಯದೇ. ಅದರಾಚೆಗೆ ಅದರಿಂದ ಏನೂ ನಿರೀಕ್ಷಿಸಬೇಡಿ.

ಇನ್ನು ನಿಮ್ಮ ಎರಡು ತೊಂದರೆಗಳನ್ನು ಬೇರೆ ಬೇರೆ ಮಾಡಿ ನೋಡಬೇಕು. ಮುಖ ಕೆಂಪಾಗಿ ಬಿಸಿಯಾಗುವುದು ಈ ಇಂಜೆಕ್ಷನ್ನಿನ ಗೊತ್ತಿರುವ ಅಡ್ಡಪರಿಣಾಮ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನೇ ಇಳಿಯುತ್ತದೆ, ಅದು ಅಲರ್ಜಿ ಅಲ್ಲ. ಸೂಜಿ ಹಾಕಿದ ಜಾಗದಲ್ಲಿ ಒಂದೆರಡು ದಿನ ನೋವು ಜಾಸ್ತಿಯಾಗುವುದೂ ಹಾಗೆಯೇ. ಶುಗರ್ ಇದ್ದವರಿಗೆ ಕೆಲವು ದಿನ ಶುಗರ್ ಏರುತ್ತದೆ, ಅದನ್ನು ಪರೀಕ್ಷಿಸುತ್ತಾ ಇರಬೇಕು. ಆದರೆ ಜ್ವರ ಬಂದು ಭುಜ ಕೆಂಪಗೆ ಊದಿ, ನೋವು ದಿನದಿಂದ ದಿನಕ್ಕೆ ಏರಿದರೆ ಅದು ಸೋಂಕಿರಬಹುದು. ಅವತ್ತೇ ತೋರಿಸಬೇಕು.

ಗಂಧೆಯ ವಿಷಯ ಹಾಗಲ್ಲ. ಒಂದು ಕಡೆ ಇಳಿದು ಇನ್ನೊಂದು ಕಡೆ ಏಳುವ ದದ್ದು ನಿಜವಾದ ಅಲರ್ಜಿಯೂ ಆಗಿರಬಹುದು. ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣ ತಾಗಿ ಆಗಿರಬಹುದು ಅಂತ ಕೆಲವರು ಹೇಳಿದ್ದಾರೆ. ಬೋರ್ಡೋದಲ್ಲಿರುವ ಮೈಲುತುತ್ತು, ಗೇರಿನ ಎಣ್ಣೆ, ಚೇರೆ ಮರದ ಸೊನೆ ಇವೆಲ್ಲ ಹೆಚ್ಚಾಗಿ ತಾಗಿದ ಜಾಗದಲ್ಲೇ ತೊಂದರೆ ಕೊಡುತ್ತವೆ, ಕೈ, ಕುತ್ತಿಗೆ, ಮುಖ. ಬಟ್ಟೆಯೊಳಗಿನ ಹೊಟ್ಟೆ, ತೊಡೆಯಲ್ಲಿ ಎದ್ದದ್ದು ಒಳಗೆ ಹೋದ ಮದ್ದಿನಿಂದ ಅಂತ ನನ್ನ ಅನುಮಾನ.

ಯಾವ ಮದ್ದು? ಇಲ್ಲೇ ಎಲ್ಲರೂ ಅವಸರ ಮಾಡುವುದು. ಭುಜಕ್ಕೆ ಕೊಡುವ ಸೀಸೆ ಹೆಚ್ಚಾಗಿ ಟ್ರಯಾಮ್ಸಿನೋಲೋನ್ ಅಥವಾ ಮೀಥೈಲ್ ಪ್ರೆಡ್ನಿಸೋಲೋನ್ ಅಸಿಟೇಟ್. ಕೈಬೆರಳಷ್ಟು ದಪ್ಪದ ಪುಟ್ಟ ಸೀಸೆ. ಇಟ್ಟಲ್ಲೇ ಇಟ್ಟರೆ ಬಿಳಿ ಪುಡಿ ತಳಕ್ಕೆ ಕೂರುತ್ತದೆ, ಅಲ್ಲಾಡಿಸಿದರೆ ಹಾಲಿನ ಬಣ್ಣಕ್ಕೆ ಬರುತ್ತದೆ. ಆ ಪುಡಿ ನೀರಿನಲ್ಲಿ ತೇಲಿ ನಿಲ್ಲಲಿಕ್ಕೆ ಬೇರೆ ವಸ್ತು ಸೇರಿಸಿರುತ್ತಾರೆ. ಟ್ರಯಾಮ್ಸಿನೋಲೋನ್‌ನಲ್ಲಿ ಸಾಮಾನ್ಯವಾಗಿ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಇನ್ನೊಂದರಲ್ಲಿ ಪಾಲಿಎಥಿಲೀನ್ ಗ್ಲೈಕಾಲ್. ಕೆಲವರಿಗೆ ಆಗದಿರುವುದು ಸ್ಟೀರಾಯ್ಡ್ ಅಲ್ಲ, ಈ ವಸ್ತು. ಪಾಲಿಎಥಿಲೀನ್ ಗ್ಲೈಕಾಲ್ ಮಲಬದ್ಧತೆಯ ಪುಡಿಯಲ್ಲೂ ಇರುತ್ತದೆ. ಅಂಥದ್ದು ಕುಡಿದಾಗ ಹಿಂದೆ ಮೈ ತುರಿಸಿದ್ದುಂಟಾ ಅಂತ ನೆನಪು ಮಾಡಿಕೊಳ್ಳಿ. ಇದರ ಜೊತೆ ಮರಗಟ್ಟಿಸಲಿಕ್ಕೆ ಲಿಗ್ನೋಕೇನ್ ಬೆರೆಸಿರಬಹುದು, ಚರ್ಮಕ್ಕೆ ಕ್ರಿಮಿನಾಶಕ ಕ್ಲೋರ್‌ಹೆಕ್ಸಿಡಿನ್ ಹಚ್ಚಿರಬಹುದು.

ಮನೆಗೆ ಬಂದು ನುಂಗಿದ ನೋವಿನ ಮಾತ್ರೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್‌ನಿಂದ ಗಂಧೆ ಏಳುವುದು ಸ್ಟೀರಾಯ್ಡಿಗಿಂತ ಎಷ್ಟೋ ಸಾಮಾನ್ಯ. ನನ್ನನ್ನು ಕೇಳಿದರೆ ಮೊದಲ ಅನುಮಾನ ಅದರ ಮೇಲೆಯೇ. ಹಾಗಂತ ಇಂಜೆಕ್ಷನ್ ಮೇಲಿನ ಅನುಮಾನ ಬಿಡುವ ಹಾಗೂ ಇಲ್ಲ. ಅದು ನಿಧಾನಕ್ಕೆ ಕರಗುವ ಮದ್ದು, ಅಲರ್ಜಿ ತಡವಾಗಿಯೂ ಕಾಣಿಸಬಹುದು.

ಹಾಗಾಗಿ ಚೀಟಿಯಲ್ಲಿ "ಸ್ಟೀರಾಯ್ಡ್ ಇಂಜೆಕ್ಷನ್" ಅಂತ ಮಾತ್ರ ಬರೆದಿದ್ದರೆ ಆಸ್ಪತ್ರೆಗೆ ಹೋಗಿ ಸೀಸೆಯ ಪೂರ್ತಿ ಹೆಸರು, ಬ್ಯಾಚ್ ನಂಬರ್, ಜೊತೆಗೆ ಏನು ಬೆರೆಸಿದರು ಅಂತ ಬರೆಸಿಕೊಳ್ಳಿ. ಕೇಳುವುದು ನಿಮ್ಮ ಹಕ್ಕು, ನಾಚಿಕೆ ಬೇಡ. ಮೊಬೈಲ್‌ನಲ್ಲಿ ಗಂಧೆಯ ಫೋಟೋ ತೆಗೆದಿಡಿ, ಡಾಕ್ಟರ್ ಹತ್ತಿರ ಹೋಗುವಾಗ ಅದು ಮಾಯವಾಗಿರುತ್ತದೆ. ಯಾವ ಮಾತ್ರೆ ಎಷ್ಟು ಗಂಟೆಗೆ, ಗಂಧೆ ಎಷ್ಟು ಗಂಟೆಗೆ ಅಂತಲೂ ಗುರುತು ಹಾಕಿ. ತುರಿಕೆಗೆ ಅಂತ ನೀವೇ ಬೆಟ್ನಿಸಾಲ್ ನುಂಗಬೇಡಿ. ಅದೂ ಸ್ಟೀರಾಯ್ಡೇ.

"ನನಗೆ ಸ್ಟೀರಾಯ್ಡ್ ಆಗುವುದಿಲ್ಲ" ಅಂತ ಸುಮ್ನೆ ಎಲ್ಲ ಕಡೆ ಬರೆಸಿಬಿಡುವುದೂ ತಪ್ಪು. ನಾಳೆ ಜೋರು ಉಬ್ಬಸ ಬಂದಾಗ ಅದೇ ಮದ್ದು ಬೇಕಾಗಬಹುದು. ಮಣಿಪಾಲ ಅಥವಾ ಮಂಗಳೂರಿನ ದೊಡ್ಡ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಅಲರ್ಜಿ ಪರೀಕ್ಷೆಯ ಬಗ್ಗೆ ವಿಚಾರಿಸಿ. ಚರ್ಮಕ್ಕೆ ಸಣ್ಣದಾಗಿ ಚುಚ್ಚಿ ನೋಡುವ ಪರೀಕ್ಷೆಗೆ ಮೊದಲು ಸೆಟ್ರಿಜಿನ್‌ನಂಥ ಮಾತ್ರೆ ಕೆಲವು ದಿನ ನಿಲ್ಲಿಸಬೇಕಾಗುತ್ತದೆ. ಎಷ್ಟು ದಿನ ಅಂತ ಅವರೇ ಹೇಳುತ್ತಾರೆ. ಒಂದು ಸ್ಟೀರಾಯ್ಡ್ ಆಗದವರಿಗೆ ಇನ್ನೊಂದು ಆಗುವುದುಂಟು, ಆದರೆ ಅದು ಪರೀಕ್ಷೆಯಿಂದ ತಿಳಿಯಬೇಕು, ಊಹೆಯಿಂದಲ್ಲ. ಮದ್ದಿನಿಂದ ಆದ ತೊಂದರೆಯನ್ನು ವರದಿ ಮಾಡಲಿಕ್ಕೆ ಸರ್ಕಾರದ ಉಚಿತ ಸಹಾಯವಾಣಿ ಇದೆ, 1800-180-3024.

ಅಲ್ಲಿಯವರೆಗೆ ಎರಡನೇ ಸೂಜಿಯನ್ನು ಮುಂದೂಡಿ. ಹೇಗೂ ಒಂದೇ ಜಾಗಕ್ಕೆ ಬೇಗ ಬೇಗ ಕೊಡುವ ಇಂಜೆಕ್ಷನ್ ಅಲ್ಲ ಅದು, ಸ್ನಾಯುರಜ್ಜು ದುರ್ಬಲವಾಗುತ್ತದೆ ಅಂತ ಡಾಕ್ಟರ್‌ಗಳೇ ಸಾಮಾನ್ಯವಾಗಿ ಮೂರು ತಿಂಗಳಾದರೂ ಬಿಡುತ್ತಾರೆ. ಈ ನಡುವೆ ಫಿಸಿಯೋಥೆರಪಿ ಮಾಡಿಸಿ, ದೋಟಿ ಬೇರೆಯವರ ಕೈಗೆ ಕೊಡಿ. ಮುಂದೆ ಡಾಕ್ಟರ್ ಒಪ್ಪಿ ತೆಗೆದುಕೊಳ್ಳುವುದೇ ಆದರೆ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಯಲ್ಲೇ, ಬೆಳಿಗ್ಗೆ ಹೊತ್ತಿಗೆ ತೆಗೆದುಕೊಳ್ಳಿ. ಆದ ಮೇಲೆ ಅರ್ಧ ಗಂಟೆಯಾದರೂ ಅಲ್ಲೇ ಕೂತುಕೊಳ್ಳಿ. ಬೈಕ್ ಬಿಡಲಿಕ್ಕೆ ಮಗನನ್ನು ಕರೆದುಕೊಂಡು ಹೋಗಿ.