ಕುಕ್ಕರ್ ಕೂಗಿದರೆ ಬೆಚ್ಚುವ ತಂಗಿಗೆ

ನಿಮ್ಮ ಪತ್ರ ಓದಿದ ಮೇಲೆ ಆ ದಿನ ಬೇರೆ ಪತ್ರ ತೆರೆಯಲು ಮನಸ್ಸಾಗಲಿಲ್ಲ.

ನೀವು ಬೆಂಗಳೂರಿನಲ್ಲಿ ಪೊಲೀಸರ 112 ಕಂಟ್ರೋಲ್ ರೂಮಿನ ಡಿಸ್‌ಪ್ಯಾಚ್ ಸೀಟಿನಲ್ಲಿದ್ದೀರಿ. ಕರೆ ತೆಗೆದುಕೊಂಡವರು ಬರೆದ ವಿವರ ನಿಮ್ಮ ಪರದೆಗೆ ಬರುತ್ತದೆ, ಹತ್ತಿರದ ಹೊಯ್ಸಳ, ಅಂದರೆ ಪೊಲೀಸ್ ಗಸ್ತು ಗಾಡಿಯನ್ನು ನೀವು ಕಳಿಸುತ್ತೀರಿ. ನಾಲ್ಕು ತಿಂಗಳಿಂದ ನಿದ್ದೆ ಇಲ್ಲ. ಮಗಳ ಮೇಲೆ ಸುಮ್ಸುಮ್ನೆ ರೇಗುತ್ತೀರಿ. ಯಜಮಾನರು ಕೆಲಸ ಬಿಡು ಅನ್ನುತ್ತಾರೆ. ನಾದಿನಿ, 'ಎಸಿಯಲ್ಲಿ ಕೂತು ಫೋನ್ ನೋಡ್ಕೊಳ್ಳೋಕೆ ಇಷ್ಟು ಸುಸ್ತಾ?' ಅನ್ನುತ್ತಾರೆ. ಬಿಡಲಾ ಬೇಡವಾ ಅನ್ನೋದು ನಿಮ್ಮ ಪ್ರಶ್ನೆ.

ನನ್ನ ಕಣ್ಣು ನಿಂತಿದ್ದು ಕೊನೆಯ ಸಾಲಿನಲ್ಲಿ. 'ಈಗ ಕುಕ್ಕರ್ ಇಡಲ್ಲ, ಅನ್ನ ಬಸಿದೇ ಮಾಡ್ತೀನಿ.' ಒಂದು ರಾತ್ರಿ, ಕಟ್ ಆದ ಕರೆಗೆ ನೀವೇ ತಿರುಗಿ ಫೋನ್ ಮಾಡಿದಿರಿ. ಮಗು ಎತ್ತಿತು. 'ಅಪ್ಪ ಅಮ್ಮಂಗೆ ಹೊಡೀತಿದಾರೆ' ಅಂತ ಪಿಸುಗುಟ್ಟಿತು. ಹಿಂದೆ ಕುಕ್ಕರ್ ಕೂಗುತ್ತಲೇ ಇತ್ತು, ಒಲೆ ಆರಿಸುವವರಿರಲಿಲ್ಲ. ಹೊಯ್ಸಳದವರು ಸ್ಥಳಕ್ಕೆ ಬಂದೆವು ಅಂದರು. ಅಷ್ಟರಲ್ಲಿ ಇನ್ನೊಂದು ಕರೆ. ಆಮೇಲೆ ಪಾಳಿ ಮುಗಿಯಿತು. 'ಮುಂದೇನಾಯ್ತೋ ಗೊತ್ತಿಲ್ಲ. ಅದೆಲ್ಲ ಮಾಮೂಲು ಬಿಡಿ ಮೇಡಂ.'

ಮಾಮೂಲಲ್ಲ ತಂಗಿ. ಗಾಡಿಯಲ್ಲಿ ಹೋದವರು ಆ ಮಗುವಿನ ಮುಖ ನೋಡಿದರು. ನಿಮಗೆ ಸಿಕ್ಕಿದ್ದು ದನಿ ಮಾತ್ರ. ನಾಲ್ಕು ತಿಂಗಳಿಂದ ನೀವು ಆ ಮನೆ ಬಾಗಿಲ ಹೊರಗೇ ನಿಂತಿದ್ದೀರಿ.

ಯಜಮಾನರ ಮೇಲೆ ನನಗೆ ಸಿಟ್ಟಿಲ್ಲ, ಪಾಪ, ಹೆದರಿದ್ದಾರೆ. ಸಿಟ್ಟಿರುವುದು ನಾದಿನಿಯ ಮೇಲೆ. ಒಂದೇ ಒಂದು ರಾತ್ರಿ ಅವರು ಆ ಹೆಡ್‌ಫೋನ್ ಹಾಕಿಕೊಂಡು ಕೂರಲಿ. ಎಷ್ಟು ಸಲ ಬರೆದಿದ್ದೇನೆ ಇದೇ ಅಂಕಣದಲ್ಲಿ: ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಮೊದಲು ತಟ್ಟೆ ಹಾಕಿ, ಮಾತೆಲ್ಲ ಆಮೇಲೆ.

ಕೆಲಸ ಬಿಡುವ ಯೋಚನೆ ಈಗ ಬೇಡ. ನಿದ್ದೆಗೆಟ್ಟು ರಾಜೀನಾಮೆ ಬರೆಯಬಾರದು. ನಿದ್ದೆಯ ವಿಷಯಕ್ಕೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಇರುತ್ತಾರೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಆದರೆ ನಾನು ಹೇಳುವ ಕೆಲಸ ಒಂದೇ. ನಾಳೆ ಪಾಳಿಗೆ ಹೋದ ಕೂಡಲೇ ನಿಮ್ಮ ಮೇಲಿನವರ ಹತ್ತಿರ ಹೋಗಿ, ಆ ರಾತ್ರಿಯ ತಾರೀಕು ಹೇಳಿ, ಆ ಮನೆಯಲ್ಲಿ ಏನಾಯ್ತು ಅಂತ ಕೇಳಿ. ಕರೆಗೆ ನಂಬರ್ ಇರುತ್ತದೆ, ಹೋದವರು ವರದಿ ಕೊಟ್ಟಿರುತ್ತಾರೆ. ಉತ್ತರ ಕೆಟ್ಟದಾಗಿಯೂ ಇರಬಹುದು, ಅದಕ್ಕೇ ಒಬ್ಬರೇ ಹೋಗಬೇಡಿ. ಪಕ್ಕದ ಸೀಟಿನವರನ್ನು ಕರೆದುಕೊಂಡು ಹೋಗಿ. ಆ ಸಂಜೆಯೇ ನನಗೆ ಬರೆಯಿರಿ. ಆ ಮಗು ಹೇಗಿದೆ ಅಂತ ನನಗೂ ತಿಳಿಯಬೇಕು.