ಸ್ಕೇಟ್‌ಬೋರ್ಡ್ ಜೋಡಿಸುವಾಗ ರೈಸರ್ ಪ್ಯಾಡ್ ಹಾಕಲೇಬೇಕಾ?

ಹುಬ್ಬಳ್ಳಿಯಲ್ಲಿ ಓಡಿಸೋಕೆ 54 ಮಿಮೀ ಚಕ್ರದ ಬೋರ್ಡ್ ಜೋಡಿಸುತ್ತಿದ್ದೀನಿ ಅಂದಿದ್ದೀರಿ. ಈ ಅಳತೆಗೆ ಸಾಮಾನ್ಯವಾಗಿ ಬೇಡ.

ರೈಸರ್ ಅಂದರೆ ಹಲಗೆಗೂ ಟ್ರಕ್‌ಗೂ (ಚಕ್ರಗಳನ್ನು ಹಿಡಿದಿರುವ ಲೋಹದ ಭಾಗ) ನಡುವೆ ಇಡುವ ಪ್ಯಾಡ್. ಅದು ಇರೋದು ಮುಖ್ಯವಾಗಿ ಚಕ್ರ ಹಲಗೆಗೆ ತಾಗದಿರಲಿ ಅಂತ. ತಿರುಗುವಾಗ ತಾಗಿದರೆ ಬೋರ್ಡ್ ಗಕ್ಕನೆ ನಿಲ್ಲುತ್ತೆ, ನೀವು ಮುಂದಕ್ಕೆ ಬೀಳ್ತೀರಿ. ಹಾಗಾಗಿ ಮೊದಲು ಪ್ಯಾಡ್ ಇಲ್ಲದೆ ಜೋಡಿಸಿ. ಬೋರ್ಡ್ ಮೇಲೆ ನಿಂತು, ಏನಾದರೂ ಹಿಡಿದುಕೊಂಡು, ಒಂದು ಬದಿಗೆ ಪೂರ್ತಿ ಭಾರ ಹಾಕಿ. ಸ್ವಲ್ಪ ಓಡಿಸಿದ ಮೇಲೆ ಹಲಗೆಯ ಅಡಿ ನೋಡಿ. ಚಕ್ರದ ನೇರಕ್ಕೆ ಉಜ್ಜಿದ ಗುರುತು ಕಂಡರೆ 3 ಮಿಮೀ ಪ್ಯಾಡ್ ಹಾಕಿ. ಟ್ರಕ್ ಸಡಿಲ ಇಟ್ಟುಕೊಳ್ಳೋರಿಗೆ ಇದು ಬೇಗ ಬೇಕಾಗುತ್ತೆ. 60 ಮಿಮೀ ದಾಟಿದ ಚಕ್ರಕ್ಕಂತೂ 6 ಮಿಮೀ ಬೇಕಾಗಬಹುದು.

ಸುಮ್ನೆ ಹಾಕಬೇಡಿ. ಬೋರ್ಡ್ ಎತ್ತರವಾದಷ್ಟೂ ತೂಗಾಟ ಜಾಸ್ತಿ, ಕಾಲಿಂದ ತಳ್ಳೋದೂ ಕಷ್ಟ.

ನಮ್ಮ ಒಳರಸ್ತೆಗಳಲ್ಲಿ ಖಡಿ ಎದ್ದಿರುತ್ತೆ ಅಲ್ವಾ, ಆ ನಡುಕಕ್ಕೆ ತೆಳು ರಬ್ಬರ್ ಪ್ಯಾಡ್ ಸ್ವಲ್ಪ ಸಹಾಯ ಮಾಡುತ್ತೆ. ಆದರೆ ಮೆತ್ತನೆಯ ಚಕ್ರ, ಅಂದರೆ ಗಡಸುತನದ ಅಳತೆಯಲ್ಲಿ 78ಎ ಆಸುಪಾಸಿನದು, ಅದಕ್ಕಿಂತ ಎಷ್ಟೋ ಮೇಲು.

ಪ್ಯಾಡ್ ಹಾಕಿದರೆ ಅದರ ದಪ್ಪದಷ್ಟು ಹೆಚ್ಚು ಉದ್ದದ ಬೋಲ್ಟ್ ತನ್ನಿ. ನಟ್‌ನೊಳಗಿನ ನೈಲಾನ್ ಬಳೆ ದಾಟಿ ಬೋಲ್ಟಿನ ತುದಿ ಹೊರಗೆ ಕಾಣಲೇಬೇಕು.