ವಾಲಿದ ಚಿತ್ರಕ್ಕೊಂದು ಪುಟ

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ಕಳೆದ ಸಂಚಿಕೆಯ ಓದುಗರ ಪುಟದಲ್ಲಿ ನಾವು ಹಾಕಿದ ಫೋಟೋ ನಿಮ್ಮನ್ನು ರೇಗಿಸಿದೆ. ಹಗ್ಗದ ಮೇಲೆ ಬಟ್ಟೆ ಒಣಹಾಕುತ್ತಿರುವ ತಾಯಿ. ಮುಖ ಮಸುಕು, ಹಗ್ಗ ಓರೆ, ಕೆಳಗಿನಿಂದ ತೆಗೆದಿದ್ದರಿಂದ ಗಲ್ಲವೇ ದೊಡ್ಡದು. ಸಾಲದ್ದಕ್ಕೆ ತೆಗೆದವರ ನೆರಳು ಬೇರೆ ಒದ್ದೆ ದುಪ್ಪಟಿಯ ಮೇಲೆ ಬಿದ್ದಿದೆ. "30 ವರ್ಷ ಕ್ಯಾಮೆರಾ ಹಿಡಿದವನು ನಾನು. ಇಂಥದ್ದನ್ನು ನೆಗೆಟಿವ್‌ನಲ್ಲಿ ನೋಡಿದಾಗಲೇ ಬಿಸಾಡುತ್ತಿದ್ದೆವು" ಎಂದಿದ್ದೀರಿ.

ನೀವು ಎಣಿಸಿದ ತಪ್ಪುಗಳಲ್ಲಿ ಒಂದನ್ನೂ ಅಲ್ಲಗಳೆಯಲಾರೆ. ಅಲುಗಾಡಿದ್ದೆಲ್ಲ ಕಲೆ ಎನ್ನುವವನೂ ನಾನಲ್ಲ. ನಮಗೆ ಬರುವ ಮಸುಕು ಚಿತ್ರಗಳಲ್ಲಿ ಹೆಚ್ಚಿನವು ಬರೀ ಮಸುಕು. ಈಗಂತೂ ಫೋನಿನಲ್ಲಿ ಬೆರಳು ಒತ್ತಿದರೆ ಹಳೆಯ ಫಿಲ್ಮಿನ ಗೀರು, ಬೆಳಕು ಸೋರಿದ ಕೆಂಪು ಕಲೆ ಎಲ್ಲ ಬಂದು ಕೂರುತ್ತವೆ. ಆ ಬಾಡಿಗೆ ಕೊರತೆಗಳ ಮೇಲೆ ನನಗೆ ನಿಮಗಿಂತ ಹೆಚ್ಚು ಸಿಟ್ಟು. ಚಿತ್ರ ಆರಿಸುವಾಗ ನಾನು ಕೇಳಿಕೊಳ್ಳುವುದು ಇಷ್ಟೇ: ಈ ತಪ್ಪು ಹೇಗಾಯಿತು, ಆ ಗಳಿಗೆಯ ಬಗ್ಗೆ ಅದೇನಾದರೂ ಹೇಳುತ್ತದೆಯೇ?

ಫ್ರಾನ್ಸಿನ ಜಾಕ್ ಆನ್ರಿ ಲಾರ್ತಿಗ್ ಇಪ್ಪತ್ತು ದಾಟುವ ಮೊದಲೇ ತೆಗೆದ ರೇಸ್ ಕಾರಿನ ಚಿತ್ರವನ್ನು ನೀವು ಖಂಡಿತ ನೋಡಿರುತ್ತೀರಿ. ಕಾರಿನ ಮೂತಿ ಚೌಕಟ್ಟಿನಾಚೆ ಹೋಗಿದೆ. ಚಕ್ರ ಮೊಟ್ಟೆಯಾಕಾರಕ್ಕೆ ತಿರುಗಿ ಮುಂದಕ್ಕೆ ಬಾಗಿದೆ, ಬದಿಯಲ್ಲಿ ನಿಂತ ಜನ ಹಿಂದಕ್ಕೆ ವಾಲಿದ್ದಾರೆ. ಕ್ಯಾಮೆರಾದೊಳಗೆ ಬೆಳಕು ಬಿಡುವ ಪರದೆಯ ಸೀಳು ಈ ತುದಿಯಿಂದ ಆ ತುದಿಗೆ ಹೋಗುತ್ತಾ ಚಿತ್ರವನ್ನು ಪಟ್ಟಿಪಟ್ಟಿಯಾಗಿ ಹಿಡಿಯುವಷ್ಟರಲ್ಲಿ ಕಾರು ಸರಿದಿತ್ತು. ಕಾರಿನ ಹಿಂದೆಯೇ ಕ್ಯಾಮೆರಾ ತಿರುಗಿಸಿದ ಹುಡುಗನಿಗೆ ಅದರ ವೇಗ ಪೂರ್ತಿ ಸಿಗಲಿಲ್ಲ. ಹಾಗಾಗಿ ಕಾರು ಒಂದು ಕಡೆ ವಾಲಿತು, ಜನ ಇನ್ನೊಂದು ಕಡೆ. ಓಡುವ ರೈಲಿನ ಕಿಟಕಿಯಿಂದ ಫೋನಿನಲ್ಲಿ ತೆಗೆದಾಗ ಕಂಬಗಳು ವಾಲುವುದೂ ಹೆಚ್ಚುಕಡಿಮೆ ಇದೇ ಕಾರಣಕ್ಕೆ. ಲೆಕ್ಕದ ಪ್ರಕಾರ ಎಲ್ಲ ತಪ್ಪು. ಆದರೆ ಆ ಚಕ್ರವನ್ನು ಗುಂಡಗೆ ಮಾಡಿ ನೋಡಿ, ಕಾರು ನಿಂತೇಬಿಡುತ್ತದೆ! ಲಾರ್ತಿಗ್ ಹವ್ಯಾಸಿಯಾಗಿಯೇ ಉಳಿದಿದ್ದರು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅವರ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟಿದ್ದು 1963ರಲ್ಲಿ.

ನಿಮ್ಮಂತೆಯೇ ಸಿಡಿಮಿಡಿಗೊಂಡವರು ಅದಕ್ಕೂ ಹಿಂದೆ ಇದ್ದರು. ಇಂಗ್ಲೆಂಡಿನ ಛಾಯಾಗ್ರಾಹಕಿ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಕೈಗೆ ಕ್ಯಾಮೆರಾ ಬಂದಿದ್ದು 1863ರಲ್ಲಿ, 48ನೇ ವಯಸ್ಸಿಗೆ. ಫೋಕಸ್ ಇಲ್ಲ, ಫಿಲ್ಮಿನ ಬದಲಿದ್ದ ಗಾಜಿನ ಪ್ಲೇಟಿನ ಮೇಲೆ ಕಲೆಗಳಿವೆ ಎಂದು ಅಂದಿನ ಪರಿಣತರು ಮೂಗು ಮುರಿದರು. ಕ್ಯಾಮೆರಾನ್ ಎದುರು ಕೂತವರು ನಿಮಿಷಗಟ್ಟಲೆ ಅಲುಗಾಡದೆ ಇರಬೇಕಿತ್ತು. ಇದ್ದಾರು ಹೇಗೆ? ಉಸಿರಾಡಿದ್ದೂ ಆ ಮುಖಗಳ ಅಂಚಿನಲ್ಲಿ ಉಳಿದಿದೆ.

ಈಗ ನಮ್ಮ ಬಟ್ಟೆ ಹಗ್ಗಕ್ಕೆ ಬರೋಣ. ಫೋಕಸ್ ದುಪ್ಪಟಿಯ ಮೇಲೆ ಬಿದ್ದಿದೆ, ನೂಲು ಎಣಿಸಬಹುದು. ತಾಯಿಯ ಮುಖ ಮಸುಕು, ನಿಜ. ಆದರೂ ತುಟಿಯಲ್ಲಿ ಕಚ್ಚಿಕೊಂಡ ಕ್ಲಿಪ್ಪು ಕಾಣುತ್ತದೆ. ನಗು ತಡೆಯಲಾಗದೆ ಅದು ಇನ್ನೇನು ಬೀಳುವುದರಲ್ಲಿದೆ. ನೀವು ಹಳಿದ ಆ ನೆರಳನ್ನು ಇನ್ನೊಮ್ಮೆ ನೋಡಿ. ಆಕೆಯ ಸೊಂಟದಷ್ಟೂ ಎತ್ತರವಿಲ್ಲ. ಗಲ್ಲ ದೊಡ್ಡದಾಗಿದ್ದು ಯಾಕೆಂದು ಅಲ್ಲೇ ತಿಳಿಯುತ್ತದೆ: ತೆಗೆದವನು ಆಕೆಯ ಐದು ವರ್ಷದ ಮಗ. ನೆರಳಿನಲ್ಲಿ ಒಂದೇ ಮೊಣಕೈ ಹೊರಚಾಚಿದೆ.

ಇನ್ನೊಂದು ಕೈ ಎಲ್ಲಿ ಎಂದು ನೀವು ಕೇಳಬೇಕಿತ್ತು. ಕೇಳಲಿಲ್ಲ, ತಪ್ಪು ನಿಮ್ಮದಲ್ಲ, ನಮ್ಮದು. ಹಗ್ಗ ತೀರಾ ವಾಲಿದೆಯೆಂದು ಪುಟ ಕಟ್ಟುವಾಗ ಚಿತ್ರವನ್ನು ತಿರುಗಿಸಿ ತುಸು ನೆಟ್ಟಗೆ ಮಾಡಿ, ಅಂಚು ಕತ್ತರಿಸಿದೆವು. ಒಪ್ಪಿಗೆ ಕೊಟ್ಟವನು ನಾನೇ. ಹಾಗೆ ಕತ್ತರಿಸಿದಾಗ ಎಡಗಡೆಯ ಕೆಳಮೂಲೆ ಹೋಯಿತು. ಮೂಲ ಚಿತ್ರದ ಆ ಮೂಲೆಯಲ್ಲಿ ಒಂದು ಪುಟ್ಟ ಮುಷ್ಟಿಯಿದೆ, ತಾಯಿಯ ಬಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದೆ. ಹುಡುಗ ಒಂದೇ ಕೈಯಲ್ಲಿ ಕ್ಯಾಮೆರಾ ಹಿಡಿದಿದ್ದ, ಅದಕ್ಕೇ ಹಗ್ಗ ಓರೆ.

ಈ ಸಂಚಿಕೆಯ 32ನೇ ಪುಟದಲ್ಲಿ ಅದೇ ಚಿತ್ರವನ್ನು ಕತ್ತರಿಸದೆ ಮತ್ತೆ ಹಾಕಿದ್ದೇವೆ. ಹೋದ ಸಲಕ್ಕಿಂತ ಇನ್ನೂ ಹೆಚ್ಚು ವಾಲಿದೆ, ಮೊದಲೇ ಹೇಳಿಬಿಡುತ್ತೇನೆ.

— ಸಂಪಾದಕ